ಕಾಲೇಜಿಗೆ ಉದ್ಯಮಶೀಲತೆಯ ಪ್ರಶಸ್ತಿ ಬಂದಿದೆ ಅಂದರೆ ಅಲ್ಲಿ ಚೆನ್ನಾಗಿ ಕಲಿಸುತ್ತಾರೆ ಅಂತಲೇ?

ನಿಮ್ಮ ಪ್ರಶ್ನೆ ಓದಿದೆ. ಮಗಳ ಪಿಯುಸಿ ಮುಗಿದಿದೆ, ಬಿಬಿಎ ಸೇರಬೇಕು ಅಂತಿದ್ದಾಳೆ, ಊರು ತೀರ್ಥಹಳ್ಳಿ ಹತ್ತಿರ. ಶಿವಮೊಗ್ಗದಲ್ಲಿ ಎರಡು ಕಾಲೇಜು ನೋಡಿ ಬಂದಿದ್ದೀರಿ. ಒಂದರ ಗೇಟಿನ ಮೇಲೆ ‘ಉದ್ಯಮಶೀಲತಾ ಶಿಕ್ಷಣದಲ್ಲಿ ಅತ್ಯುತ್ತಮ ಸಂಸ್ಥೆ’ ಅಂತ ದೊಡ್ಡ ಫ್ಲೆಕ್ಸ್. ಇನ್ನೊಂದರಲ್ಲಿ ಏನೂ ಇಲ್ಲ. ಫ್ಲೆಕ್ಸ್ ನಂಬಿ ಸೇರಿಸಬಹುದಾ ಅಂತ ಕೇಳಿದ್ದೀರಿ.

ಅಂಥದ್ದೇ ಒಂದು ಫ್ಲೆಕ್ಸ್ ಕಟ್ಟಿಸಿದವನು ನಾನು. ನೀವು ನೋಡಿದ ಕಾಲೇಜಿಗಲ್ಲ, ಬೇರೆ ಕಡೆ. ಕಾಮರ್ಸ್ ಮೇಷ್ಟ್ರಾಗಿದ್ದೆ. ಪಾಠದ ಜೊತೆಗೆ ಏಳು ವರ್ಷ ಉದ್ಯಮಶೀಲತಾ ಘಟಕದ ಸಂಚಾಲಕ ಅನ್ನುವ ಹೊರೆಯೂ ತಲೆ ಮೇಲಿತ್ತು. ಕಾಲೇಜಿನ ಹೆಸರು ಕೇಳಬೇಡಿ, ಉಳಿದದ್ದೆಲ್ಲ ಹೇಳುತ್ತೇನೆ.

ನಮಗೆ ಆ ಪ್ರಶಸ್ತಿ ಬಂದದ್ದು ಹೀಗೆ. ಒಂದು ದಿನ ಫೋನ್ ಬಂತು. ‘ಅಭಿನಂದನೆ ಸರ್, ನಿಮ್ಮ ಸಂಸ್ಥೆ ಆಯ್ಕೆಯಾಗಿದೆ.’ ನಾವು ಅರ್ಜಿಯನ್ನೇ ಹಾಕಿರಲಿಲ್ಲ! ದೆಹಲಿಯ ಹೋಟೆಲಿನಲ್ಲಿ ಸಮಾರಂಭ, ಅದಕ್ಕೆ ನೋಂದಣಿ ಶುಲ್ಕ, ಫೋಟೊ ಬೇಕಾದರೆ ಬೇರೆ ಶುಲ್ಕ. ಆಡಳಿತ ಮಂಡಳಿ ಒಪ್ಪಿತು. ಅಡ್ಮಿಷನ್ ಹೊತ್ತಿಗೆ ಹೇಳಿಕೊಳ್ಳಲು ಏನಾದರೂ ಬೇಕಲ್ಲ. ನಾನೇ ಹೋಗಿ ಫಲಕ ತಂದೆ. ಅದೇ ವೇದಿಕೆಯಲ್ಲಿ ನನ್ನ ಹಿಂದೆ ನಿಂತವರು ಒಬ್ಬ ಹಲ್ಲಿನ ಡಾಕ್ಟರು, ಅವರ ಹಿಂದೆ ಒಂದು ಟೈಲ್ಸ್ ಕಂಪನಿಯವರು. ಎಲ್ಲರೂ ಅತ್ಯುತ್ತಮರೇ.

ಹಾಗಾಗಿ ನೀವು ಮೊದಲು ಕೇಳಬೇಕಾದ್ದು, ಪ್ರಶಸ್ತಿ ಕೊಟ್ಟವರು ಯಾರು, ಅದಕ್ಕೆ ದುಡ್ಡು ಕಟ್ಟಿದವರು ಯಾರು ಅಂತ. ಬೇರೆ ಯಾರ‍್ಯಾರು ಅರ್ಜಿ ಹಾಕಿದ್ದರು, ತೀರ್ಪು ಕೊಟ್ಟವರಲ್ಲಿ ಒಬ್ಬರಾದರೂ ಕಾಲೇಜಿಗೆ ಬಂದು ನೋಡಿದ್ದರಾ ಅಂತಲೂ ಕೇಳಿ. ಇದಕ್ಕೆ ನೆಟ್ಟಗೆ ಉತ್ತರ ಬರದಿದ್ದರೆ ಫ್ಲೆಕ್ಸನ್ನು ಮರೆತುಬಿಡಿ.

ಸರ್ಕಾರದ ಕಡೆಯ ಗುರುತುಗಳ ಮಾತು ಬೇರೆ. ಅವು ಸುಳ್ಳಲ್ಲ. ಕೇಂದ್ರ ಶಿಕ್ಷಣ ಇಲಾಖೆಯವರು ‘ಅಟಲ್ ರ‍್ಯಾಂಕಿಂಗ್’ ಅಂತ ಹೊಸತನ, ಉದ್ಯಮಶೀಲತೆಗೇ ಮೀಸಲಾದ ಒಂದು ಪಟ್ಟಿ ಮಾಡಿದ್ದರು. ಮೊದಲ ಪಟ್ಟಿ ಬಂದದ್ದು 2019ರಲ್ಲಿ. ಆಮೇಲೆ 2023ರಿಂದ ಕೇಂದ್ರದವರೇ ಪ್ರತಿವರ್ಷ ಕಾಲೇಜುಗಳಿಗೆ ಕೊಡುವ ಎನ್‌ಐಆರ್‌ಎಫ್‌ ರ‍್ಯಾಂಕಿಂಗಿನಲ್ಲೇ ‘ಇನ್ನೋವೇಶನ್’ ಅಂತ ಒಂದು ವಿಭಾಗ ಬಂತು. 2018ರಿಂದ ಕಾಲೇಜುಗಳಲ್ಲಿ ‘ಇನ್ನೋವೇಶನ್ ಕೌನ್ಸಿಲ್’ ಅಂತ ಶುರುವಾಯಿತು, ವರ್ಷಕ್ಕೆ ಇಷ್ಟು ಕಾರ್ಯಕ್ರಮ ಮಾಡಿದರೆ ಇಷ್ಟು ಸ್ಟಾರ್. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ನವರೂ ಇದನ್ನು ನೋಡುತ್ತಾರೆ. ಇವೆಲ್ಲ ಇದ್ದರೆ ಕಾಲೇಜು ಕೆಲಸ ಮಾಡಿ ಫೈಲ್ ಇಟ್ಟಿದೆ ಅಂತ ಅರ್ಥ. ತೊಡಕಿರುವುದು ಆ ಫೈಲಿನಲ್ಲೇ.

ಫೈಲ್ ಹೇಗೆ ತಯಾರಾಗುತ್ತೆ ಅಂತ ಹೇಳುತ್ತೇನೆ ಕೇಳಿ. ಬೆಳಿಗ್ಗೆ ಸಭಾಂಗಣದಲ್ಲಿ ‘ಸ್ಟಾರ್ಟಪ್ ಜಾಗೃತಿ’ ಅಂತ ಬ್ಯಾನರ್. ಮಧ್ಯಾಹ್ನ ಊಟ ಆದಮೇಲೆ ಅದನ್ನು ಬಿಚ್ಚಿ ‘ಮಹಿಳಾ ಉದ್ಯಮಿಗಳೊಂದಿಗೆ ಸಂವಾದ’ ಅಂತ ಇನ್ನೊಂದು. ಕೂತ ಮಕ್ಕಳು ಅವರೇ. ಅಟೆಂಡೆನ್ಸ್ ಸಿಗುತ್ತೆ ಅಂತ ಬಂದವರು. ಫೋಟೊ ಹೊಡೆಯುವ ಹುಡುಗನಿಗೆ ಒಂದೇ ಚಿಂತೆ, ಮೂಲೆಯಲ್ಲಿ ಜಿಯೋಟ್ಯಾಗ್ ಬಿದ್ದಿದೆಯಾ ಇಲ್ಲವಾ ಅಂತ. ಜಾಗದ ಹೆಸರು, ತಾರೀಖು, ಗಂಟೆ ಎಲ್ಲ ಅದರಲ್ಲಿರಬೇಕು. ಇಲ್ಲದಿದ್ದರೆ ಆ ಕಾರ್ಯಕ್ರಮ ನಡೆದೇ ಇಲ್ಲ ಅಂತ ಲೆಕ್ಕ. ಒಂದು ಸಲ ಮಳೆಗೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಬಂದ ಅತಿಥಿ ಕತ್ತಲಲ್ಲೇ ಒಂದು ಗಂಟೆ ಬಹಳ ಚೆನ್ನಾಗಿ ಮಾತಾಡಿದರು. ಗೇರುಬೀಜದ ಸಣ್ಣ ಕಾರ್ಖಾನೆ ನಡೆಸಿ ಸೋತು, ಮತ್ತೆ ಎದ್ದವರು. ಮಕ್ಕಳು ಕಿವಿಯಾಗಿ ಕೂತಿದ್ದರು. ಆ ವರ್ಷದ ವರದಿಯಲ್ಲಿ ಆ ಭಾಷಣ ಇಲ್ಲ.

ಇನ್ನು ಅದೇ ಏಳು ವರ್ಷದಲ್ಲಿ ನಾವು ನಿಜವಾಗಿ ಕಲಿಸಿದ್ದು ಯಾವಾಗ ಅಂತ ಕೇಳಿದರೆ, ಒಂದು ಅಡಿಕೆ ಹಾಳೆ ತಟ್ಟೆಯ ಲೆಕ್ಕ ನೆನಪಾಗುತ್ತೆ.

ಐದು ಜನ ವಿದ್ಯಾರ್ಥಿಗಳು, ಮೂವರು ಹುಡುಗಿಯರು, ಇಬ್ಬರು ಹುಡುಗರು. ತಲಾ 1200 ರೂಪಾಯಿ ಹಾಕಿ 6000 ಒಟ್ಟು ಮಾಡಿದರು. ರಿಪ್ಪನ್‌ಪೇಟೆ ಕಡೆ ಹಾಳೆ ತಟ್ಟೆ ಮಾಡುವ ಒಂದು ಸಣ್ಣ ಘಟಕವಿತ್ತು. ಅಲ್ಲಿ ಮೆಷಿನ್ ಖಾಲಿ ಇದ್ದಾಗ ಬಾಡಿಗೆಗೆ ಕೊಡಲು ಒಪ್ಪಿದರು. ಬೇಸಿಗೆಯಲ್ಲಿ ತೋಟದಲ್ಲಿ ಬಿದ್ದ ಹಾಳೆ ಒಟ್ಟಿ ಇಟ್ಟದ್ದನ್ನು ಕೊಂಡರು. ನೀರಲ್ಲಿ ನೆನೆಸಿ, ಸೋರಲು ಬಿಟ್ಟು, ಬಿಸಿ ಅಚ್ಚಿಗೆ ಇಟ್ಟು ಒತ್ತಿದರೆ ತಟ್ಟೆ. ಬೆಂಗಳೂರಿನ ಒಬ್ಬ ಅಡುಗೆ ಕಂಟ್ರಾಕ್ಟರ್ 2000 ತಟ್ಟೆಗೆ ಆರ್ಡರ್ ಕೊಟ್ಟರು, ಒಂದಕ್ಕೆ 2 ರೂಪಾಯಿ 80 ಪೈಸೆ. ಇವರ ಲೆಕ್ಕದಲ್ಲಿ ಖರ್ಚು 2 ರೂಪಾಯಿ 30 ಪೈಸೆ. ಸಾವಿರ ರೂಪಾಯಿ ಲಾಭ ಅಂತ ಕುಣಿದರು.

ಅದು ಜೂನ್ ತಿಂಗಳು. ಮಲೆನಾಡಿನ ಜೂನ್ ಹೇಗಿರುತ್ತೆ ಅಂತ ತೀರ್ಥಹಳ್ಳಿಯವರಿಗೆ ನಾನು ಹೇಳಬೇಕಾ? ಬಿಸಿಲೇ ಇಲ್ಲ. ಒತ್ತಿದ ತಟ್ಟೆಯನ್ನು ಆರಲು ಬಿಡದೆ ಅವತ್ತೇ ಕಟ್ಟಿ ಪ್ಯಾಕ್ ಮಾಡಿದರು. ಬೆಂಗಳೂರಲ್ಲಿ ಬಾಕ್ಸ್ ಬಿಚ್ಚಿದಾಗ 600 ತಟ್ಟೆಗೆ ಬೂಷ್ಟು. ಕಂಟ್ರಾಕ್ಟರ್ 1400ಕ್ಕೆ ಮಾತ್ರ ದುಡ್ಡು ಕೊಟ್ಟರು, ಅದೂ ಒಂದೂವರೆ ತಿಂಗಳು ಕಳೆದ ಮೇಲೆ.

ಲೆಕ್ಕದ ಪುಸ್ತಕ ಒಬ್ಬ ಹುಡುಗಿಯ ಹತ್ತಿರ ಇತ್ತು. ಉದ್ದದ ಪುಸ್ತಕ, ಎಡಗಡೆ ಜಮಾ, ಬಲಗಡೆ ಖರ್ಚು. ಬಂದದ್ದು 3920. ಖರ್ಚು 4600. ನಷ್ಟ 680. ಲಗೇಜು, ಆಟೊ ಅಂತ 420 ಸೇರಿ 1100. ತಲಾ 220 ರೂಪಾಯಿ ಹೋಯಿತು. ಕೊನೆಯ ಸಾಲಿನಲ್ಲಿ ‘ಬೂಷ್ಟು – 600’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು. ಆ ಪುಟವನ್ನು ಕ್ಲಾಸಿನ ಮುಂದೆ ಓದು ಅಂದೆ. ಮೊದಲು ಅಳು ಬಂತು ಅವಳಿಗೆ, ಆಮೇಲೆ ಓದಿದಳು. ಒಂದು ಗಂಟೆಯ ಪೀರಿಯಡ್ ಎರಡಾಯಿತು. ಅಡಿಕೆ ಒಣಗಿಸುವ ಹಾಗೆ ತಟ್ಟೆಯನ್ನೂ ಒಲೆಯ ಕಾವಲ್ಲಿ ಒಣಗಿಸಿದರೆ ಒಂದಕ್ಕೆ ಎಷ್ಟು ಪೈಸೆ ಬೀಳುತ್ತೆ, ಮಳೆಗಾಲಕ್ಕೆ ರೇಟು ಬೇರೆ ಇಡಬೇಕಾ, ಅರ್ಧ ದುಡ್ಡು ಮುಂಗಡ ಕೇಳಿದರೆ ಗಿರಾಕಿ ಓಡಿಹೋಗುತ್ತಾನಾ ಅಂತೆಲ್ಲ ಹಿಂದಿನ ಬೆಂಚಿನವರೂ ಜಗಳಕ್ಕೆ ಬಿದ್ದರು. ದೀಪಾವಳಿ ಆದಮೇಲೆ ಅದೇ ಕಂಟ್ರಾಕ್ಟರ್‌ಗೆ 3 ರೂಪಾಯಿಯಂತೆ 1000 ತಟ್ಟೆ ಕೊಟ್ಟರು, ಅರ್ಧ ಮುಂಗಡ ಇಸಕೊಂಡು. ಪರೀಕ್ಷೆ ಬಂತು, ಅಲ್ಲಿಗೆ ನಿಲ್ಲಿಸಿದರು.

ಪ್ರಶಸ್ತಿಯ ಅರ್ಜಿಗಳಲ್ಲಿ ಇದಕ್ಕೆ ಕಾಲಂ ಇಲ್ಲ. ‘ನೋಂದಣಿಯಾದ ಸ್ಟಾರ್ಟಪ್‌ಗಳು ಎಷ್ಟು’ ಅಂತ ಇರುತ್ತೆ. ಇವರು ನೋಂದಣಿ ಮಾಡಿಸಿರಲಿಲ್ಲ, ಆದ್ದರಿಂದ ಸೊನ್ನೆ. ಹಾಗಂತ ಸೊನ್ನೆ ಬರೆದು ಕಳಿಸಲಿಲ್ಲ, 3 ಅಂತ ಬರೆದೆವು. ಅದರಲ್ಲಿ ಒಂದು, ಒಬ್ಬ ವಿದ್ಯಾರ್ಥಿಯ ಅಪ್ಪ ಇಪ್ಪತ್ತು ವರ್ಷದಿಂದ ನಡೆಸುತ್ತಿದ್ದ ಬೇಕರಿ. ಈಗ ನೆನೆಸಿಕೊಂಡರೂ ಮುಜುಗರ.

ಲೆಕ್ಕ ಬರೆದ ಆ ಹುಡುಗಿ ಆಮೇಲೂ ಸ್ವಂತ ಉದ್ಯಮ ಶುರು ಮಾಡಲಿಲ್ಲ. ಒಂದು ಸಹಕಾರ ಸಂಘದಲ್ಲಿ ಕೆಲಸಕ್ಕಿದ್ದಾಳೆ. ಸಾಲ ಕೇಳಲು ಬಂದವರಿಗೆ ‘ಮಳೆಗಾಲದಲ್ಲಿ ಏನು ಮಾಡ್ತೀರಿ’ ಅಂತ ಮೊದಲು ಕೇಳುತ್ತಾಳಂತೆ. ನನ್ನ ಪ್ರಕಾರ ಅವಳಿಗೆ ಕಲಿಸಿದ್ದು ದಂಡವಾಗಲಿಲ್ಲ. ಬ್ರಿಟನ್ನಿನಲ್ಲಿ ಇದನ್ನು ಬಿಡಿಸಿ ನೋಡುತ್ತಾರೆ. ಅಲ್ಲಿನ ಉನ್ನತ ಶಿಕ್ಷಣದ ಗುಣಮಟ್ಟ ನೋಡುವ ಕ್ಯೂಎಎ ಸಂಸ್ಥೆ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ‘ಎಂಟರ್‌ಪ್ರೈಸ್’ ಬೇರೆ, ‘ಎಂಟ್ರಪ್ರೆನ್ಯೂರ್‌ಶಿಪ್’ ಬೇರೆ. ಮೊದಲನೆಯದು ಹೊಸ ವಿಚಾರ ಹುಟ್ಟಿಸಿ ಅದನ್ನು ಕೆಲಸಕ್ಕೆ ತರುವ ಜಾಣ್ಮೆ, ಎಲ್ಲಿದ್ದರೂ ಬೇಕಾಗುವಂಥದ್ದು. ನಾವು ಕನ್ನಡದಲ್ಲಿ ಎರಡಕ್ಕೂ ಉದ್ಯಮಶೀಲತೆ ಅಂದುಬಿಡುತ್ತೇವೆ, ಆಮೇಲೆ ಕಂಪನಿ ಎಷ್ಟಾಯಿತು ಅಂತ ಎಣಿಸುತ್ತೇವೆ. ಅಲ್ಲೂ ದೊಡ್ಡ ಪ್ರಶಸ್ತಿ ಇಲ್ಲದೆ ಇಲ್ಲ. ಟೈಮ್ಸ್ ಹೈಯರ್ ಎಜುಕೇಶನ್ ಪತ್ರಿಕೆಯವರ ‘ವರ್ಷದ ಉದ್ಯಮಶೀಲ ವಿಶ್ವವಿದ್ಯಾಲಯ’ 2008ರಲ್ಲಿ ಶುರುವಾಗಿ, ಮೊದಲ ಸಲ ನಾಟಿಂಗ್‌ಹ್ಯಾಮ್‌ಗೆ ಹೋಯಿತು. ಆದರೆ ಎಂಟರ್‌ಪ್ರೈಸ್ ಎಜುಕೇಟರ್ಸ್ ಯುಕೆ ಅನ್ನುವ ಜಾಲದವರು ಕಲಿಸುವವರಿಗೇ ಅಂತ ಬೇರೆ ಪ್ರಶಸ್ತಿ ಕೊಡುತ್ತಾರೆ. ನನಗೆ ಅದು ಜಾಸ್ತಿ ಇಷ್ಟ. ಮಕ್ಕಳ ಜೊತೆ ಒದ್ದೆಯಾಗಿ ರಿಪ್ಪನ್‌ಪೇಟೆಗೆ ಹೋಗುವುದು ಮೇಷ್ಟ್ರು, ಕಟ್ಟಡ ಅಲ್ಲವಲ್ಲ.

ಅಷ್ಟು ದೂರ ಯಾಕೆ, ನಮ್ಮ ಘಟ್ಟದ ಕೆಳಗೇ ಒಳ್ಳೆ ಉದಾಹರಣೆ ಇದೆ. ಹಳ್ಳಿಯ ಯುವಕರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡುವ ಉಜಿರೆಯ ರುಡ್‌ಸೆಟ್. 1982ರಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಶುರು ಮಾಡಿದ್ದು. ಅದನ್ನು ನೋಡಿಯೇ ಕೇಂದ್ರ ಸರ್ಕಾರ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳಿಂದ ಆರ್‌ಸೆಟಿ ಅನ್ನುವ ಅಂಥದ್ದೇ ತರಬೇತಿ ಕೇಂದ್ರ ಮಾಡಿಸಿತು. ಅಲ್ಲಿ ತರಬೇತಿ ಕೆಲವೇ ವಾರ, ಆದರೆ ಮುಗಿದ ಮೇಲೆ ಎರಡು ವರ್ಷ ಬೆನ್ನಿಗೆ ಬೀಳುತ್ತಾರೆ. ಸಾಲ ಸಿಕ್ಕಿತಾ, ಅಂಗಡಿ ನಡೆಯುತ್ತಿದೆಯಾ, ಇಲ್ಲ ಯಾಕೆ ಅಂತ ವಿಚಾರಿಸುತ್ತಾರೆ. ಎಷ್ಟು ಜನ ತರಬೇತಿಗೆ ಬಂದರು ಅನ್ನುವುದರ ಜೊತೆಗೆ ಎಷ್ಟು ಜನ ನೆಲೆ ನಿಂತರು ಅಂತ ಎಣಿಸುತ್ತಾರೆ. ನೀವು ನೋಡಿದ ಎರಡು ಕಾಲೇಜಿನಲ್ಲಿ ಯಾವುದಾದರೂ ಒಂದು, ಎರಡು ವರ್ಷದ ಹಿಂದೆ ಪಾಸಾದವರ ಬಗ್ಗೆ ಹೀಗೆ ಹೇಳಬಲ್ಲದಾ ಕೇಳಿ. ಗೆದ್ದ ಒಬ್ಬನ ಫೋಟೊ ತೋರಿಸುತ್ತಾರೆ, ಅದು ಇದ್ದೇ ಇರುತ್ತೆ. ಮುಚ್ಚಿಹೋದದ್ದು ಯಾವುದು ಅಂತ ಕೇಳಿ. ‘ನಮ್ಮಲ್ಲಿ ಯಾರೂ ಸೋತಿಲ್ಲ’ ಅಂದರೆ ಯಾರೂ ಶುರುವೇ ಮಾಡಿಲ್ಲ ಅಂತ ತಿಳಕೊಳ್ಳಿ.

ಪಾಠದ ವಿಷಯಕ್ಕೆ ಬಂದರೆ, ಸಿಲಬಸ್ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ವಿಟಿಯು ಎಂಜಿನಿಯರಿಂಗ್‌ನಲ್ಲೂ ‘ಮ್ಯಾನೇಜ್‌ಮೆಂಟ್ ಅಂಡ್ ಎಂಟ್ರಪ್ರೆನ್ಯೂರ್‌ಶಿಪ್’ ಅಂತ ವಿಷಯ ಇತ್ತು. ಸಣ್ಣ ಕೈಗಾರಿಕೆಗಳಿಗೆ ನೆರವಾಗುವ ಕೆಎಸ್‌ಎಸ್‌ಐಡಿಸಿ ಅಂದರೇನು, ಸಿಡ್ಬಿ ಅಂದರೇನು ಅಂತ ಮಕ್ಕಳು ಬಾಯಿಪಾಠ ಹೊಡೆದು ಬರೆಯುತ್ತಿದ್ದರು. ಶಿವಮೊಗ್ಗದಲ್ಲೇ ಜಿಲ್ಲಾ ಕೈಗಾರಿಕಾ ಕೇಂದ್ರ ಇದೆ, ಅದರ ಮೆಟ್ಟಿಲು ಹತ್ತಿದವರು ಎಷ್ಟು ಜನ? ನಾನು ಒಂದು ವರ್ಷ ಮಕ್ಕಳಿಂದ ಪಿಎಂಇಜಿಪಿ ಅನ್ನುವ ಕೇಂದ್ರದ ಸಾಲ-ಸಬ್ಸಿಡಿ ಯೋಜನೆಯ ಅರ್ಜಿಗೆ ಬೇಕಾದ ಪ್ರಾಜೆಕ್ಟ್ ರಿಪೋರ್ಟ್ ಬರೆಸಿ, ಒಬ್ಬ ಬ್ಯಾಂಕ್ ಮ್ಯಾನೇಜರ್ ಎದುರಿಗೆ ಕೂರಿಸಿದೆ. ಹಳ್ಳಿಯ ಹೆಣ್ಣುಮಗಳಾದರೆ ಯೋಜನೆಯ ಖರ್ಚಿನಲ್ಲಿ 35%ವರೆಗೆ ಸಬ್ಸಿಡಿ, ಕೈಯಿಂದ ಹಾಕಬೇಕಾದ್ದು 5% ಅಂತ ಓದಿಕೊಂಡು ಹೋಗಿದ್ದರು. ಆ ಸಬ್ಸಿಡಿ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತಿರುತ್ತೆ, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮಾ ಆಗುತ್ತೆ ಅಂತ ಮ್ಯಾನೇಜರ್ ಹೇಳಿದಾಗ ಎಲ್ಲರ ಮುಖ ನೋಡಬೇಕಿತ್ತು. ಅದು ಯಾವ ನೋಟ್ಸಿನಲ್ಲೂ ಇರಲಿಲ್ಲ.

ಹೀಗೆ ಹೊರಗೆ ಕರೆದುಕೊಂಡು ಹೋಗುವ ಮೇಷ್ಟ್ರು ಒಬ್ಬರಿದ್ದಾರಾ ನೋಡಿ. ನಮ್ಮ ಕಡೆ ಜಾಗಕ್ಕೇನು ಕಡಿಮೆ ಇಲ್ಲ. ಅಡಿಕೆ ಮಾರುವ ಸಹಕಾರ ಸಂಘ, 1939ರ ಮಾಮ್ಕೋಸ್ ಇದೆ. ಅಡಿಕೆಯನ್ನು ರಾಶಿ ಇಡಿ, ಬೆಟ್ಟೆ, ಸರಕು, ಗೊರಬಲು ಅಂತ ವಿಂಗಡಿಸಿ ಒಂದೇ ದಿನ ಒಂದೊಂದಕ್ಕೂ ಬೇರೆ ರೇಟು ಯಾಕೆ ಬೀಳುತ್ತೆ ಅಂತ ಒಂದು ಬೆಳಿಗ್ಗೆ ನಿಂತು ನೋಡಿದರೆ ಮಾರ್ಕೆಟಿಂಗ್‌ನ ಅರ್ಧ ಪಾಠ ಮುಗಿಯಿತು. ಹೆಗ್ಗೋಡಿನ ಹತ್ತಿರ ಚರಕ ಅನ್ನುವ ಕೈಮಗ್ಗದ ಸಹಕಾರ ಸಂಘದ ಹೆಣ್ಣುಮಕ್ಕಳು ಅಡಿಕೆ ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿದ ನೀರಿನಲ್ಲಿ, ಬಟ್ಟೆಗೆ ಬಣ್ಣ ಹಾಕುತ್ತಾರೆ. ಕಾಲೇಜಿನವರು ಇಲ್ಲೆಲ್ಲ ಮಕ್ಕಳನ್ನು ಕರೆತಂದಿದ್ದಾರಾ, ಅದೂ ಫೋಟೊ ಹೊಡೆದು ಅರ್ಧ ಗಂಟೆಗೆ ಬಸ್ ಹತ್ತಿಸಿದರಾ, ಇಡೀ ದಿನ ಬಿಟ್ಟರಾ?

ಇದನ್ನೆಲ್ಲ ಪ್ರಿನ್ಸಿಪಾಲರ ಕೋಣೆಯಲ್ಲಿ ಕೇಳಬೇಡಿ. ಅಲ್ಲಿ ಫೈಲೇ ಮಾತಾಡುತ್ತೆ. ಮಗಳನ್ನೇ ಕ್ಯಾಂಟೀನಿಗೆ ಕಳಿಸಿ, ಎರಡನೇ ವರ್ಷದವರ ಹತ್ತಿರ ಮಾತಾಡಲಿ. ‘ಇಲ್ಲಿ ಏನಾದರೂ ಮಾರಿದ್ದೀರಾ? ದುಡ್ಡು ಹೋಯ್ತಾ? ಹೋದಾಗ ಸರ್ ಏನಂದ್ರು?’ ಇಷ್ಟು ಕೇಳಿದರೆ ಸಾಕು. ನೀವು ಅಷ್ಟು ಹೊತ್ತು ಹೊರಗೆ ಚಾ ಕುಡಿಯುತ್ತಾ ಇರಿ, ಅಪ್ಪ ಪಕ್ಕದಲ್ಲಿ ನಿಂತರೆ ಯಾರೂ ಬಾಯಿ ಬಿಡುವುದಿಲ್ಲ. ಫ್ಲೆಕ್ಸ್ ಇಲ್ಲದ ಕಾಲೇಜಿಗೂ ಹೀಗೆಯೇ ಹೋಗಿ. ಫ್ಲೆಕ್ಸ್ ಇಲ್ಲ ಅಂದಮಾತ್ರಕ್ಕೆ ಒಳ್ಳೆಯ ಕಾಲೇಜು ಅಂತಲೂ ಅಲ್ಲ, ಸುಮ್ನೆ ದುಡ್ಡಿಲ್ಲದೆಯೂ ಇರಬಹುದು.