ಕೂದಲಿಗಂತ ಜಿಂಕ್ ತಗೊಂಡೆ, ಹಿಮೋಗ್ಲೋಬಿನ್ ಯಾಕೆ ಇಳೀತು? – ಓದುಗರ ಪ್ರಶ್ನೆಗೆ ಡಾಕ್ಟರ್ ಉತ್ತರ

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನನಗೆ 34 ವರ್ಷ. ಕೂದಲು ತುಂಬಾ ಉದುರ್ತಿತ್ತು, ಗೊತ್ತಿರೋರು ಒಬ್ರು ಹೇಳಿದ್ರು ಅಂತ ದಿನಾ 50 ಮಿಲಿಗ್ರಾಂ ಜಿಂಕ್ ಮಾತ್ರೆ ತಗೋತಾ ಇದೀನಿ, ಹತ್ತು ತಿಂಗಳಾಯ್ತು. ಮೊದಲು ಹಿಮೋಗ್ಲೋಬಿನ್ 12.4 ಇತ್ತು, ಈಗ 9.8. ಮೂರು ತಿಂಗಳಿಂದ ಐರನ್ ಮಾತ್ರೆ ತಗೊಂಡ್ರೂ ಏರ್ತಾನೇ ಇಲ್ಲ. ಮೈಯಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಅಂತ ತೋರಿಸೋ ಫೆರಿಟಿನ್ ನಾರ್ಮಲ್ ಅಂತಾರೆ, ಬಿಳಿ ರಕ್ತಕಣ ಮಾತ್ರ ಕಮ್ಮಿ ಇದೆಯಂತೆ. ಈಚೆಗೆ ಎರಡೂ ಪಾದ ಜೋಮು ಹಿಡಿದ ಹಾಗಾಗತ್ತೆ. ಐರನ್ ಡೋಸ್ ಜಾಸ್ತಿ ಮಾಡ್ಲಾ?

ಉತ್ತರ: ಬೇಡ. ಐರನ್ ವಿಷಯ ಆಮೇಲೆ ನೋಡೋಣ, ಮೊದಲು ಆ ಜಿಂಕ್ ಮಾತ್ರೆ ಇವತ್ತೇ ನಿಲ್ಸಿ, ಈ ವಾರದೊಳಗೇ ಒಬ್ಬ ಫಿಜಿಷಿಯನ್ ಹತ್ರ ಹೋಗಿ ರಕ್ತದಲ್ಲಿ ಕಾಪರ್, ಸೆರುಲೋಪ್ಲಾಸ್ಮಿನ್ (ರಕ್ತದಲ್ಲಿ ಕಾಪರ್ ಹೊತ್ತಿರೋ ಪ್ರೋಟೀನು), ಜಿಂಕ್, ಬಿ12 ಈ ನಾಲ್ಕೂ ಟೆಸ್ಟ್ ಮಾಡಿಸಿ. ನೀವು ಬರೆದಿರೋ ಅಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದ್ರೆ ನನ್ನ ಅನುಮಾನ ಹೋಗೋದು ಕಾಪರ್ ಕೊರತೆ ಕಡೆಗೆ, ಅಂದ್ರೆ ತಾಮ್ರದ ಕೊರತೆ. ಪರೀಕ್ಷೆ ಮಾಡದೆ ಖಚಿತವಾಗಿ ಹೇಳೋಕಾಗಲ್ಲ, ಆದ್ರೆ ಪಾದದ ಜೋಮು ಇರೋದ್ರಿಂದ ತಡ ಮಾಡಬೇಡಿ.

ಜಿಂಕ್ ತಿಂದ್ರೆ ಕಾಪರ್ ಯಾಕೆ ಕಮ್ಮಿ ಆಗತ್ತೆ ಅಂತ ಕೇಳ್ತೀರ. ಜಿಂಕ್ ಜಾಸ್ತಿ ಬಂದಾಗ ನಮ್ಮ ಸಣ್ಣ ಕರುಳಿನ ಒಳಪದರದ ಜೀವಕೋಶಗಳು ಮೆಟಲೋಥಯೋನಿನ್ ಅನ್ನೋ ಒಂದು ಪ್ರೋಟೀನನ್ನ ಹೆಚ್ಚೆಚ್ಚು ತಯಾರು ಮಾಡ್ತವೆ. ಈ ಪ್ರೋಟೀನು ಹುಟ್ಟೋದು ಜಿಂಕ್‌ನಿಂದಾದ್ರೂ ಅದಕ್ಕಿಂತ ಗಟ್ಟಿಯಾಗಿ ಹಿಡ್ಕೊಳ್ಳೋದು ಕಾಪರನ್ನ, ಹಾಗಾಗಿ ಊಟದಲ್ಲಿ ಬಂದ ಕಾಪರ್ ಆ ಕೋಶದೊಳಗೇ ಸಿಕ್ಕಿಹಾಕ್ಕೊಂಡು ರಕ್ತಕ್ಕೆ ದಾಟೋದೇ ಇಲ್ಲ, ಮೂರರಿಂದ ಐದು ದಿನದಲ್ಲಿ ಆ ಕೋಶ ಸವೆದು ಉದುರಿದಾಗ ಅದರ ಜೊತೆ ಕಾಪರೂ ಮಲದಲ್ಲಿ ಹೊರಗೆ ಹೋಗ್ಬಿಡತ್ತೆ. ತಿಂಗಳುಗಟ್ಟಲೆ ಹೀಗೇ ನಡೆದ್ರೆ ಏನುಳಿಯತ್ತೆ ಹೇಳಿ, ಮೈಯಲ್ಲಿ ಒಟ್ಟು ಇರೋದೇ ಸುಮಾರು 100 ಮಿಲಿಗ್ರಾಂ ಕಾಪರ್. ವಿಲ್ಸನ್ ಕಾಯಿಲೆ ಅಂತ ಇದೆ, ಅದರಲ್ಲಿ ಲಿವರು ಮಿದುಳಲ್ಲಿ ಕಾಪರ್ ತುಂಬ್ಕೊಳ್ಳತ್ತೆ, ಅಂಥವರಿಗೆ ಕಾಪರ್ ಒಳಗೆ ಸೇರದ ಹಾಗೆ ತಡೆಯೋಕೆ ಜಿಂಕನ್ನೇ ಔಷಧಿಯಾಗಿ ಕೊಡ್ತೀವಿ. ಕಾಪರ್ ತಡೆಯೋ ಆ ಔಷಧೀನ ನೀವು ಆ ಕಾಯಿಲೆ ಇಲ್ಲದೇನೇ ಹತ್ತು ತಿಂಗಳು ತಗೊಂಡ ಹಾಗಾಗಿದೆ.

ಇನ್ನು ಐರನ್ ತಗೊಂಡ್ರೂ ರಕ್ತ ಏರದೇ ಇರೋದು. ಕರುಳಿಂದ, ಲಿವರಿನ ಸಂಗ್ರಹದಿಂದ ಕಬ್ಬಿಣ ಹೊರಗೆ ಬಂದು ರಕ್ತ ತಯಾರಾಗೋ ಮೂಳೆಮಜ್ಜೆಗೆ ತಲುಪಬೇಕಾದ್ರೆ ಕಾಪರ್ ಇರೋ ಎರಡು ಪ್ರೋಟೀನ್ ಬೇಕು. ಅದಿಲ್ಲ ಅಂದ್ರೆ ಉಗ್ರಾಣದಲ್ಲಿ ಮೂಟೆ ಇದ್ರೂ ಅಡುಗೆಮನೆಗೆ ಬರಲ್ಲ. ಅದಕ್ಕೇ ನಿಮ್ಮ ಫೆರಿಟಿನ್ ನಾರ್ಮಲ್ ಇದ್ರೂ ಹಿಮೋಗ್ಲೋಬಿನ್ ಇಳಿದಿರಬಹುದು. ಬಿಳಿ ರಕ್ತಕಣ ಇಳಿಯೋದು, ಕಾಲು ಜೋಮು ಹಿಡಿಯೋದು, ಕತ್ತಲಲ್ಲಿ ನಡೆಯುವಾಗ ತೂರಾಡೋದು ಇವೂ ಅದೇ ಕೊರತೆಯ ಲಕ್ಷಣ, ನೋಡೋಕೆ ಥೇಟ್ ಬಿ12 ಕೊರತೆ ಥರಾನೇ ಇರತ್ತೆ, ಅದಕ್ಕೇ ಬಿ12 ಟೆಸ್ಟೂ ಸೇರಿಸಿದ್ದು. ಜಿಂಕ್ ನಿಲ್ಸಿ ಕಾಪರ್ ಕೊಟ್ರೆ ರಕ್ತ ಕೆಲವು ವಾರದಲ್ಲಿ ಸರಿಹೋಗತ್ತೆ. ನರದ ತೊಂದರೆ ಮಾತ್ರ ಎಲ್ರಿಗೂ ಪೂರ್ತಿ ವಾಪಸ್ ಬರಲ್ಲ, ಈ ವಾರವೇ ಹೋಗಿ ಅಂತ ಒತ್ತಿ ಹೇಳ್ತಿರೋದು ಅದಕ್ಕೇ. ಕಾಪರ್ ಮಾತ್ರೇನ ನೀವೇ ಶುರು ಮಾಡೋದೂ ಬೇಡ, ಎಷ್ಟು ಬೇಕು ಅಂತ ರಿಪೋರ್ಟ್ ನೋಡಿ ಹೇಳಬೇಕು.

ಜಿಂಕ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ತಿಳ್ಕೋಬೇಡಿ. ಜಿಂಕ್ ಕೊರತೆ ಅನ್ನೋದು ಮನುಷ್ಯರಲ್ಲೂ ಬರತ್ತೆ ಅಂತ ಜಗತ್ತಿಗೆ ತೋರಿಸಿದವರು ಬಿಹಾರದಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್. ಇರಾನಿನ ಶಿರಾಜ್‌ನಲ್ಲಿ ಅವರ ಹತ್ರ 21 ವರ್ಷದ ಒಬ್ಬ ಯುವಕ ಬಂದ, ನೋಡೋಕೆ ಹತ್ತು ವರ್ಷದ ಹುಡುಗನ ಹಾಗಿದ್ದ, ಪ್ರೌಢ ವಯಸ್ಸಿನ ಯಾವ ಬದಲಾವಣೆಯೂ ಆಗಿರಲಿಲ್ಲ, ರಕ್ತಹೀನತೆ ಬೇರೆ. ಅಂಥವರ ಬಗ್ಗೆ ಅವರು 1961ರಲ್ಲಿ ಬರೆದ್ರು, ಆಮೇಲೆ ಈಜಿಪ್ಟಿನಲ್ಲಿ ಅಧ್ಯಯನ ಮಾಡಿ ಇದರ ಹಿಂದಿರೋದು ಜಿಂಕ್ ಕೊರತೆ ಅಂತ ತೋರಿಸಿದ್ರು. ಜಿಂಕ್ ಕೊಟ್ಟ ಮೇಲೆ ಅಂಥ ಹುಡುಗರು ಎತ್ತರ ಬೆಳೆದ್ರು! ಇವತ್ತು ಮಕ್ಕಳಿಗೆ ಭೇದಿ ಆದಾಗ ಓಆರ್‌ಎಸ್ ಜೊತೆ 10ರಿಂದ 14 ದಿನ ಜಿಂಕ್ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2004ರಿಂದ ಹೇಳ್ತಿದೆ, ಅದರಿಂದ ಉಳಿದ ಜೀವ ಎಷ್ಟೋ. ಅದು ಹತ್ತು ಹದಿನಾಲ್ಕು ದಿನದ ಮಾತು, ಹತ್ತು ತಿಂಗಳದ್ದಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾಗೋದು ಸುಮಾರು 8ರಿಂದ 11 ಮಿಲಿಗ್ರಾಂ, ಅಮೆರಿಕದ ಮಾನದಂಡದಲ್ಲಿ ಊಟ ಮಾತ್ರೆ ಎಲ್ಲಾ ಸೇರಿ 40 ದಾಟಬಾರದು. ಕೊರತೆ ಇದೆ ಅಂತ ಗೊತ್ತಾದಾಗ ಡಾಕ್ಟರ್ ಹೆಚ್ಚು ಡೋಸ್ ಕೊಡಬಹುದು, ಆದ್ರೆ ಯಾವಾಗ ನಿಲ್ಲಿಸಬೇಕು ಅಂತಾನೂ ಅವರೇ ಹೇಳ್ತಾರೆ. ಇನ್ನು ಕೂದಲು ಉದುರೋಕೆ ಥೈರಾಯ್ಡು, ಐರನ್ ಕೊರತೆ, ಹೆರಿಗೆ, ಜೋರು ಜ್ವರ, ತಟ್ಟನೆ ತೂಕ ಇಳಿಸಿದ್ದು ಹೀಗೆ ಹತ್ತಾರು ಕಾರಣ, ಕಾರಣ ಹುಡುಕದೇ ಮಾತ್ರೆ ಬೇಡ.

ಪ್ರಶ್ನೆ: ಸರ್, ನನಗೆ ಐರನ್ ಕೊರತೆ ಅಂತ ದಿನಕ್ಕೆರಡು ಮಾತ್ರೆ ಕೊಟ್ಟಿದ್ದಾರೆ. ಹೊಟ್ಟೆ ತೊಳೆಸತ್ತೆ, ಮಲಬದ್ಧತೆ, ಮಲ ಬೇರೆ ಕಪ್ಪಗೆ ಹೋಗತ್ತೆ, ಹೆದರಿಕೆ ಆಗತ್ತೆ. ಟೀ ಜೊತೆ ತಗೋಬಹುದಾ? ಬಿಟ್ಟೇಬಿಡ್ಲಾ?

ಉತ್ತರ: ಬಿಡಬೇಡಿ, ತಗೊಳ್ಳೋ ರೀತಿ ಬದಲಾಯಿಸೋಣ. ಐರನ್ ಮಾತ್ರೆ ತಗೊಂಡಾಗ ಮಲ ಕಪ್ಪಾಗೋದು ಸಾಮಾನ್ಯ, ಹೀರಿಕೊಳ್ಳದೇ ಉಳಿದ ಕಬ್ಬಿಣದ ಬಣ್ಣ ಅದು. ಆದ್ರೆ ಮಲ ಟಾರಿನ ಥರ ಅಂಟಂಟಾಗಿ ಕೆಟ್ಟ ವಾಸನೆ ಇದ್ರೆ ಅಥವಾ ತಲೆಸುತ್ತು ಬಂದ್ರೆ ಅದು ರಕ್ತಸ್ರಾವ ಇರಬಹುದು, ಕೂಡ್ಲೇ ತೋರಿಸಿ.

ನಮ್ಮ ದೇಹ ಕಬ್ಬಿಣದ ವಿಷಯದಲ್ಲಿ ಬಲೇ ಜಿಪುಣ. ಒಂದು ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಸತ್ತ ಕಣದಿಂದ ಕಬ್ಬಿಣ ಹೆಕ್ಕಿ ಹೊಸದಕ್ಕೆ ಹಾಕತ್ತೆ, ಹೀಗೆ ದಿನಾ 20ರಿಂದ 25 ಮಿಲಿಗ್ರಾಂ ಒಳಗೊಳಗೇ ಸುತ್ತತಾ ಇರತ್ತೆ, ಹೊರಗಿನಿಂದ ಸೇರೋದು 1ರಿಂದ 2 ಮಿಲಿಗ್ರಾಂ ಅಷ್ಟೇ. ಜಾಸ್ತಿ ಆದದ್ದನ್ನ ಹೊರಗೆ ಹಾಕೋ ದಾರಿ ದೇಹಕ್ಕಿಲ್ಲ, ಹಾಗಾಗಿ ಬಾಗಿಲಲ್ಲೇ ತಡೆಯತ್ತೆ. ದೊಡ್ಡ ಡೋಸ್ ಬಂದ ಕೂಡ್ಲೇ ಲಿವರು ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಬಿಡತ್ತೆ, ಅದು ಸುಮಾರು ಒಂದು ದಿನ ಕರುಳಿನ ಬಾಗಿಲು ಅರ್ಧ ಮುಚ್ಚಿದ ಹಾಗೆ ಮಾಡತ್ತೆ. ಬೆಳಿಗ್ಗೆ ಒಂದು ಸಂಜೆ ಒಂದು ತಗೊಂಡ್ರೆ ಸಂಜೇದರಲ್ಲಿ ಬಹುಪಾಲು ಕರುಳಲ್ಲೇ ಉಳಿದು ಹೊಟ್ಟೆ ಕೆಡಿಸತ್ತೆ. ಅದಕ್ಕೇ ಈಗ ಎಷ್ಟೋ ಜನಕ್ಕೆ ದಿನಕ್ಕೊಂದು ಅಥವಾ ದಿನ ಬಿಟ್ಟು ದಿನ ಒಂದು ಕೊಡ್ತೀವಿ, ಪ್ರತಿ ಮಾತ್ರೆಯಿಂದ ಹೆಚ್ಚು ಪಾಲು ಒಳಗೆ ಹೋಗತ್ತೆ, ಹೊಟ್ಟೆಗೂ ಆರಾಮ. ನಿಮ್ಮ ಡಾಕ್ಟರ್ ಹತ್ರ ಇದನ್ನ ಕೇಳಿ. ಗರ್ಭಿಣಿ ಆಗಿದ್ರೆ ಮಾತ್ರ ನೀವಾಗೇ ಡೋಸ್ ಇಳಿಸಬೇಡಿ.

ಟೀ ಕಾಫಿ ಜೊತೆ ಬೇಡವೇ ಬೇಡ, ಹಾಲೂ ಬೇಡ, ಒಂದೆರಡು ಗಂಟೆ ಅಂತರ ಇರಲಿ. ನಿಂಬೆ, ಕಿತ್ತಳೆ ಥರ ವಿಟಮಿನ್ ಸಿ ಇರೋದು ಜೊತೆಗಿದ್ರೆ ಒಳ್ಳೇದು, ಮುಖ್ಯವಾಗಿ ಸೊಪ್ಪು ಕಾಳಿನಲ್ಲಿರೋ ಕಬ್ಬಿಣ ಹೀರೋಕೆ ಅದು ಬಹಳ ಸಹಾಯ ಮಾಡತ್ತೆ. ಕಾಳು ನೆನೆಸೋದು, ಮೊಳಕೆ ಬರಿಸೋದು, ಹಿಟ್ಟು ಹುದುಗಿಸೋದು ಇವೂ ಸುಮ್ನೆ ಅಲ್ಲ, ಕಬ್ಬಿಣ ಮತ್ತು ಜಿಂಕನ್ನ ಹಿಡಿದಿಟ್ಟುಕೊಳ್ಳೋ ಫೈಟೇಟ್ ಕಮ್ಮಿ ಆಗತ್ತೆ. ಥೈರಾಯ್ಡ್ ಮಾತ್ರೆ ತಗೋತಿದ್ರೆ ಅದಕ್ಕೂ ಐರನ್‌ಗೂ ನಾಲ್ಕು ಗಂಟೆ ಅಂತರ ಬೇಕು. ಮನೇಲಿ ಪುಟ್ಟ ಮಕ್ಕಳಿದ್ರೆ ಐರನ್ ಡಬ್ಬಿ ಕೈಗೆ ಸಿಗದ ಹಾಗೆ ಇಡಿ, ಮಿಠಾಯಿ ಅಂದ್ಕೊಂಡು ಕೆಲವೇ ಮಾತ್ರೆ ನುಂಗಿದ್ರೂ ಮಗುವಿನ ಜೀವಕ್ಕೇ ಅಪಾಯ. ಮತ್ತೆ ನೀವು ಗಂಡಸರಾಗಿದ್ರೆ ಅಥವಾ ಮುಟ್ಟು ನಿಂತ ಹೆಂಗಸರಾಗಿದ್ರೆ ಕಬ್ಬಿಣ ಎಲ್ಲಿಂದ ಸೋರ್ತಿದೆ ಅಂತ ಹುಡುಕಲೇಬೇಕು, ಹೊಟ್ಟೆ ಕರುಳಿನ ಪರೀಕ್ಷೆ ತಪ್ಪಿಸ್ಕೋಬೇಡಿ.

ಪ್ರಶ್ನೆ: ನನಗೆ ಥೈರಾಯ್ಡ್ ಕಡಿಮೆ ಇದೆ. ಅಯೋಡಿನ್ ಹನಿ ಕುಡಿದ್ರೆ ಮಾತ್ರೇನೇ ಬೇಡ ಅಂತ ವಿಡಿಯೋದಲ್ಲಿ ನೋಡಿದೆ, ನಿಜಾನಾ?

ಉತ್ತರ: ಖಂಡಿತ ಕುಡೀಬೇಡಿ. ದೊಡ್ಡವರಿಗೆ ದಿನಕ್ಕೆ ಬೇಕಾಗಿರೋದು 150 ಮೈಕ್ರೋಗ್ರಾಂ, ಅಂದ್ರೆ 70 ವರ್ಷ ಬದುಕಿದ್ರೂ ಒಟ್ಟು 4 ಗ್ರಾಂ ಆಗಲ್ಲ. ಅಯೋಡಿನ್ ಹನಿ ಅಂತ ಸಿಗೋ 5 ಪರ್ಸೆಂಟಿನ ಲ್ಯೂಗಾಲ್ ದ್ರಾವಣದ ಒಂದೇ ಹನೀಲಿ 6 ಮಿಲಿಗ್ರಾಂ ಇರತ್ತೆ, ಲೆಕ್ಕ ಹಾಕಿ, 40 ದಿನದ್ದು ಒಂದೇ ಸಲ. ಅಯೋಡಿನ್ ಸೇರಿಸಿದ ಉಪ್ಪು ತಿನ್ನೋರಲ್ಲಿ ಥೈರಾಯ್ಡ್ ಕಮ್ಮಿ ಆಗೋಕೆ ಸಾಮಾನ್ಯ ಕಾರಣ ಅಯೋಡಿನ್ ಕೊರತೆ ಅಲ್ಲ, ನಮ್ಮ ರೋಗನಿರೋಧಕ ಶಕ್ತಿ ತನ್ನದೇ ಗ್ರಂಥಿ ಮೇಲೆ ತಿರುಗಿ ಬೀಳೋದು. ಅಂಥ ಗ್ರಂಥಿಗೆ ಅಯೋಡಿನ್ ಸುರಿದ್ರೆ ಅದು ಇನ್ನಷ್ಟು ಸೋಲತ್ತೆ. ಹಾಗಂತ ಅಯೋಡಿನ್ ಉಪ್ಪನ್ನೂ ಬಿಡಬೇಡಿ, ಅದರಲ್ಲೂ ಗರ್ಭಿಣಿಯರು, ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು ಬೆಳೆಯೋದು ತಾಯಿಯ ಥೈರಾಯ್ಡ್ ಹಾರ್ಮೋನನ್ನ ನಂಬ್ಕೊಂಡೇ. ಸೆಲೆನಿಯಂ ಅನ್ನೋ ಖನಿಜದ ಬಗ್ಗೆ ಕೂಡ ಕೆಲವರು ಕೇಳಿದ್ರು. ಥೈರಾಯ್ಡ್ ಗ್ರಂಥಿ ಬಿಡೋ ಟಿ4 ಹಾರ್ಮೋನಿನಿಂದ ಒಂದು ಅಯೋಡಿನ್ ಕಿತ್ತು, ಮೈಯಲ್ಲಿ ಹೆಚ್ಚು ಕೆಲಸ ಮಾಡೋ ಟಿ3 ಹಾರ್ಮೋನ್ ಮಾಡೋ ಕಿಣ್ವದಲ್ಲಿ ಸೆಲೆನಿಯಂ ಇದೆ, ಹೌದು, ಆದ್ರೆ ದಿನಕ್ಕೆ 55 ಮೈಕ್ರೋಗ್ರಾಂ ಸಾಕು, ಅದು ಮೀನು, ಮೊಟ್ಟೆ, ಧಾನ್ಯದಲ್ಲಿ ಸಿಗತ್ತೆ. ಜಾಸ್ತಿ ಆದ್ರೆ ಕೂದಲು ಉದುರತ್ತೆ, ಉಗುರು ಮುರಿಯತ್ತೆ.

ಪ್ರಶ್ನೆ: ಕೂದಲು ಕಳಿಸಿದ್ರೆ ಎಲ್ಲಾ ಮಿನರಲ್ ಚೆಕ್ ಮಾಡಿ ಕೊಡ್ತಾರಂತೆ, ಮಾಡಿಸ್ಲಾ?

ಉತ್ತರ: ಬೇಡ. ಶಾಂಪೂ, ಬಣ್ಣ, ನೀರು ಎಲ್ಲದರಿಂದಲೂ ಆ ಲೆಕ್ಕ ಏರುಪೇರಾಗತ್ತೆ, ಅದರ ಮೇಲೆ ಔಷಧಿ ಕೊಡೋಕಾಗಲ್ಲ. ರಕ್ತಪರೀಕ್ಷೆಯಲ್ಲೂ ಹುಷಾರು ಬೇಕು, ಸೋಂಕು ಇದ್ದಾಗ ಜಿಂಕ್ ಸುಳ್ಳು ಸುಳ್ಳೇ ಇಳಿಯತ್ತೆ, ಫೆರಿಟಿನ್ ಸುಳ್ಳು ಸುಳ್ಳೇ ಏರತ್ತೆ, ಅದಕ್ಕೇ ಜ್ವರ ಬಂದು ಹೋದ ವಾರದಲ್ಲಿ ಮಾಡಿಸಬೇಡಿ, ಎರಡು ಮೂರು ವಾರ ಬಿಟ್ಟು ಮಾಡಿಸಿ. ಡಾಕ್ಟರ್ ಹತ್ರ ಹೋಗುವಾಗ ನೀವು ತಗೋತಿರೋ ಎಲ್ಲಾ ಸಪ್ಲಿಮೆಂಟ್ ಡಬ್ಬೀನೂ ಚೀಲದಲ್ಲಿ ಹಾಕ್ಕೊಂಡು ಹೋಗಿ, ಮಲ್ಟಿವಿಟಮಿನ್, ಪ್ರೋಟೀನ್ ಪೌಡರ್, ಶೀತದ ಚೀಪೋ ಮಾತ್ರೆ ಸಮೇತ.