ನೇಪಿಯರ್ ಹುಲ್ಲಿಗೆ ಅಲಸಂಡೆಯ ಜೊತೆ

ಪ್ರಶ್ನೆ: ನಮ್ಮ ಹಟ್ಟಿಯಲ್ಲಿ ಹಾಲು ಕರೆಯುವ ಎರಡು ಮಿಶ್ರತಳಿ ದನಗಳಿವೆ. ತೋಟದ ಅಂಚಿನ ನೇಪಿಯರ್ ಹುಲ್ಲು ಬೇಕಾದಷ್ಟು ಸಿಕ್ಕಿದರೂ ಹಿಂಡಿಯ ಖರ್ಚು ಇಳಿದಿಲ್ಲ. ಭತ್ತ ಕೊಯ್ದ ಗದ್ದೆಯಲ್ಲಿ ಬಿತ್ತಿದ ಅಲಸಂಡೆಯ ಎಳೆ ಬಳ್ಳಿಯನ್ನು ಒಂದು ಬೆಳಿಗ್ಗೆ ಹಾಕಿದಾಗ ದನದ ಹೊಟ್ಟೆ ಉಬ್ಬಿತು. ಗೊಬ್ಬರದ ಗಿಡದ (ಗ್ಲಿರಿಸಿಡಿಯ) ಸೊಪ್ಪನ್ನು ಅದು ಮೂಸಿ ಬಿಟ್ಟುಬಿಡುತ್ತದೆ. ಇವುಗಳಂಥ ದ್ವಿದಳ ಮೇವು ಬೇಕೇ ಬೇಕೇ?
— ಓದುಗರು, ಬ್ರಹ್ಮಾವರ

ಉತ್ತರ: ಬೇಕು, ಆದರೆ ಒಂಟಿಯಾಗಿ ಅಲ್ಲ. ದನದ ಮೊದಲ ಹೊಟ್ಟೆಯಲ್ಲಿ ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳಿಗೆ ಮೇವಿನ ಒಣ ತೂಕದಲ್ಲಿ ಸುಮಾರು ಶೇ. 7ರಷ್ಟಾದರೂ ಸಸಾರಜನಕ (ಪ್ರೋಟೀನ್) ಇರಬೇಕು. ಬೈಹುಲ್ಲಿನಲ್ಲಿ ಅದು ಶೇ. 3-4 ಮಾತ್ರ. ನೇಪಿಯರನ್ನು 45 ದಿನಕ್ಕೊಮ್ಮೆ ಕೊಯ್ದರೆ ಶೇ. 8-10 ಸಿಗುತ್ತದೆ, ಕಬ್ಬಿನಂತೆ ದಂಟು ಬಲಿಯುವವರೆಗೆ ಬಿಟ್ಟರೆ ಅದೂ ಕುಸಿಯುತ್ತದೆ. ತೋಟದಲ್ಲಿ ಆಳೆತ್ತರದ ಹುಲ್ಲು ಕಂಡು ಸಂತೋಷಪಡುವವರು ಗಮನಿಸದ ಸಂಗತಿಯಿದು. ಅಲಸಂಡೆಯಲ್ಲಿ ಶೇ. 15ಕ್ಕೂ, ಗೊಬ್ಬರದ ಗಿಡದ ಸೊಪ್ಪಿನಲ್ಲಿ ಶೇ. 20ಕ್ಕೂ ಹೆಚ್ಚು ಸಸಾರಜನಕವಿದೆ. ಅಲ್ಲದೆ ನೇಪಿಯರಿನಲ್ಲಿರುವ ಆಕ್ಸಲೇಟ್ ಎಂಬ ರಾಸಾಯನಿಕವು ಸುಣ್ಣದ ಅಂಶವನ್ನು (ಕ್ಯಾಲ್ಸಿಯಂ) ಹಿಡಿದಿಡುವುದರಿಂದ, ಆ ಕೊರತೆಯನ್ನು ತುಂಬಲೂ ದ್ವಿದಳ ಮೇವು ನೆರವಾಗುತ್ತದೆ.

ದಿನಕ್ಕೆ 25 ಕಿಲೋ ಹಸಿಮೇವು ಹಾಕುವುದಾದರೆ ಅದರಲ್ಲಿ 6-7 ಕಿಲೋ ದ್ವಿದಳದ್ದಿರಲಿ. 6ರಿಂದ 8 ಕಿಲೋ ದ್ವಿದಳ ಹಸಿಮೇವು ಸುಮಾರು 1 ಕಿಲೋ ಹಿಂಡಿಗೆ ಸಮ ಎಂಬ ಲೆಕ್ಕವಿದ್ದರೂ, ಹಿಂಡಿಯನ್ನು ಒಮ್ಮೆಗೇ ಕಡಿಮೆ ಮಾಡದೆ, ಹಾಲಿನ ಅಳತೆ ನೋಡಿಕೊಂಡು ಸ್ವಲ್ಪಸ್ವಲ್ಪವೇ ಇಳಿಸಿರಿ.

ಹೊಟ್ಟೆ ಉಬ್ಬಲು ಕಾರಣ ಬೆಳಗಿನ ಖಾಲಿ ಹೊಟ್ಟೆ, ಇಬ್ಬನಿ ಆರದ ಎಳೆ ಬಳ್ಳಿ. ಅದರ ಸಸಾರಜನಕದಿಂದ ನೊರೆಯೆದ್ದು ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಅಲಸಂಡೆಯನ್ನು ಹೂ ಬಿಡುವ ಹೊತ್ತಿಗೆ ಕೊಯ್ದು, ಕೆಲವು ಗಂಟೆ ಬಾಡಿಸಿ, ಮೊದಲು ಬೈಹುಲ್ಲು ತಿನ್ನಿಸಿ, ಆಮೇಲೆ ನೇಪಿಯರಿನ ಜೊತೆಗೇ ಕತ್ತರಿಸಿ ಬೆರೆಸಿ ಕೊಡಿರಿ. ಮತ್ತೆಂದಾದರೂ ಎಡಪಕ್ಕೆ ಡೋಲಿನಂತೆ ಬಿಗಿದರೆ, ಗಾಬರಿಯಲ್ಲಿ ಎಣ್ಣೆ ಕುಡಿಸಿ ಅದು ಶ್ವಾಸಕೋಶಕ್ಕೆ ಇಳಿಯುವಂತೆ ಮಾಡದೆ, ಕೂಡಲೇ ಪಶುವೈದ್ಯರನ್ನು ಕರೆಯಿರಿ.

ಗೊಬ್ಬರದ ಗಿಡವನ್ನು ದನ ಬಿಡುವುದು ವಾಸನೆಗೆ. ಸಂಜೆ ಕಡಿದ ಸೊಪ್ಪನ್ನು ಹಟ್ಟಿಯ ಮಾಡಿನಡಿ ಹರಡಿಟ್ಟರೆ ಬೆಳಿಗ್ಗೆಗೆ ವಾಸನೆ ಬಹಳ ಮಟ್ಟಿಗೆ ಇಳಿದಿರುತ್ತದೆ. ಮೊದಲ ವಾರ ಒಂದೆರಡು ಹಿಡಿಯನ್ನು ಅಕ್ಕಚ್ಚು ಚಿಮುಕಿಸಿದ ಹುಲ್ಲಿನಲ್ಲಿ ಬೆರೆಸಿದರೆ ಸಾಕು. ಮಳೆಗಾಲದಲ್ಲಿ ನೀರು ನಿಲ್ಲುವ ಗದ್ದೆಯಲ್ಲಿ ಅಲಸಂಡೆ ಕೊಳೆತುಹೋಗುವುದರಿಂದ ಆಗ ನಿಮಗೆ ಬೇಲಿಯ ಈ ಸೊಪ್ಪೇ ಆಸರೆ. ಪುಸ್ತಕಗಳು ಹೊಗಳುವ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ನಮ್ಮ ಹುಳಿಮಣ್ಣಿಗೂ ಮಳೆಗೂ ಒಗ್ಗದು. ಅದರ ಬೀಜಕ್ಕೆ ದುಡ್ಡು ಹಾಕಬೇಡಿರಿ.