ಗರಸು ಹೊಲಕ್ಕೆ ಯಾವ ಹುಲ್ಲು?

ಪ್ರಶ್ನೆ: ನನಗೆ 2 ಎಕರೆ ಬೆದ್ದಲು ಇದೆ. ಕೆಂಪು ಗರಸು ಮಣ್ಣು, ಕೆಳಗಿನ ಮೂಲೆ ಮಾತ್ರ ಎರೆ. ಮಳೆ ವರ್ಷಕ್ಕೆ 450 ಮಿ.ಮೀ. ಆಸುಪಾಸು. ಮಂಡ್ಯದ ನೆಂಟರು ಕೊಟ್ಟ ನೇಪಿಯರ್ ಕಡ್ಡಿ ನೆಟ್ಟೆ. ಟ್ಯಾಂಕರ್ ನೀರು ಹಾಕಿದರೂ ಬೇಸಿಗೆಗೆ ಒಣಗಿಹೋಯಿತು. 20 ಕುರಿ, 2 ಹಸು ಇವೆ. ಯಾವ ಹುಲ್ಲು ಹಾಕಲಿ?
– ಓದುಗರೊಬ್ಬರು, ಚಳ್ಳಕೆರೆ ತಾಲ್ಲೂಕು

ಉತ್ತರ: ನಿಮ್ಮ ಆರೈಕೆಯಲ್ಲಿ ತಪ್ಪಿಲ್ಲ. ನೇಪಿಯರ್ ನೀರಾವರಿಯ ಹುಲ್ಲು, ನಾಲೆ ಬಯಲಲ್ಲಿ ಅದು ಆಳೆತ್ತರ ಬೆಳೆಯುತ್ತದೆ. ನಿಮ್ಮ ಮಳೆಗೆ ಅದು ಉಳಿಯದು. ಇನ್ನು ಅದಕ್ಕಾಗಿ ಟ್ಯಾಂಕರಿಗೆ ದುಡ್ಡು ಸುರಿಯಬೇಡಿ.

ಗರಸಿಗೆ ಅಂಜನ್ ಹುಲ್ಲು ಹಾಕಿ, ಜೊತೆಗೆ ಸ್ಟೈಲೋ. ಬೇಸಿಗೆಯಲ್ಲಿ ಅಂಜನ್ ಮೇಲೆಲ್ಲ ಒಣಗಿದರೂ ಬುಡ ಜೀವ ಹಿಡಿದಿರುತ್ತದೆ, ಒಂದು ಹದ ಮಳೆ ಬಿದ್ದರೆ ಚಿಗುರುತ್ತದೆ. ಸ್ಟೈಲೋ ದ್ವಿದಳ. ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಕಟ್ಟಿಕೊಳ್ಳುವುದರಿಂದ ಬಡ ಮಣ್ಣಿಗೂ ಬಲ, ಕುರಿಗಳಿಗೂ ಪ್ರೋಟೀನ್. ಆದರೆ ನೀರು ನಿಲ್ಲುವ ಎರೆಯಲ್ಲಿ ಅದು ಏಳುವುದಿಲ್ಲ. ಆ ಮೂಲೆಗೆ ಶಂಖಪುಷ್ಪ ಬಿತ್ತಿ. ಬೇಲಿಗೆ ಹಬ್ಬುವ ಆ ನೀಲಿ ಹೂವಿನ ಬಳ್ಳಿಯೇ, ದನಕ್ಕೆ ಒಳ್ಳೆಯ ಮೇವು.

ಕಷ್ಟವಿರುವುದು ಬಿತ್ತನೆಯಲ್ಲಿ. ಹಿರಿಯೂರು ಕಡೆಯ ನಮ್ಮ ಹೊಲದಲ್ಲಿ ಮೊದಲ ಸಲ ನಾನು ಆಗಷ್ಟೇ ಕೊಯ್ದ ಅಂಜನ್ ಬೀಜವನ್ನು ಕೂರಿಗೆಯಲ್ಲಿ ಆಳಕ್ಕೆ ಬಿತ್ತಿದ್ದೆ. ಅಲ್ಲೊಂದು ಇಲ್ಲೊಂದು ಮೊಳೆಯಿತು, ಒಂದು ಮುಂಗಾರು ಪೂರ್ತಿ ಹೋಯಿತು. ಹೊಸ ಬೀಜ ತಿಂಗಳುಗಟ್ಟಲೆ ಮೊಳೆಯದೆ ಮಲಗಿರುತ್ತದೆ ಎಂದು ಆಮೇಲೆ ತಿಳಿಯಿತು. ಹಾಗಾಗಿ ಹೋದ ವರ್ಷದ ಬೀಜವನ್ನೇ ಕೇಳಿ ಪಡೆಯಿರಿ. ನೂಲುನೂಲಾದ ಹಗುರ ಬೀಜ, ಗಾಳಿಗೆ ಹಾರಿಹೋಗುತ್ತದೆ. ಹಸಿ ಮಣ್ಣು, ಸಗಣಿ ಸೇರಿಸಿ ಸಣ್ಣ ಉಂಡೆ ಕಟ್ಟಿ ಒಣಗಿಸಿಕೊಳ್ಳಿ. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. ನೀರು ಕುದಿಯುವ ಮುನ್ನವೇ, 80 ಡಿಗ್ರಿ ಇರುವಾಗ ಇಳಿಸಿ, 4 ನಿಮಿಷ ಅದ್ದಿ, ತಕ್ಷಣ ತಣ್ಣೀರಿಗೆ ಹಾಕಿ.

ಎಕರೆಗೆ ಅಂಜನ್ 2 ಕೆ.ಜಿ., ಸ್ಟೈಲೋ 3 ಕೆ.ಜಿ. ಸಾಕು. ಇಳಿಜಾರಿಗೆ ಅಡ್ಡ ಸಾಲು ಹೊಡೆದು, ಉಗುರಿನಷ್ಟು ಮಣ್ಣು ಮುಚ್ಚಿದರಾಯಿತು. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, ಬೀಜಕ್ಕೆ ಅಲ್ಲಿ ವಿಚಾರಿಸಿ.

ಮೊದಲ ವರ್ಷ ಕುರಿ ಬಿಡಲೇಬೇಡಿ, ಎಳೆ ಬುಡವನ್ನು ಬೇರುಸಮೇತ ಕೀಳುತ್ತವೆ. ಅರ್ಧ ಗೇಣು ಬುಡ ಬಿಟ್ಟು ಕೊಯ್ದು ಹಾಕಿ. ಒಂದು ಪಟ್ಟಿಯನ್ನು ಮಾತ್ರ ಕೊಯ್ಯದೆ ಬಿಡಿ, ಬೀಜ ಉದುರಲಿ.